ಮಾತು ಕಲಿತ ಕಾರ್ಯಕರ್ತೆಯರಿಗೆ ನೋಡುವುದನ್ನು ಕಲಿಸುವುದು ಹೇಗೆ?

ಪ್ರಶ್ನೆ: ಹಿರೇಹಳ್ಳದಾಕೆ (ಕೊಪ್ಪಳ)

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯಲ್ಲಿ ತರಬೇತಿಯ ಜವಾಬ್ದಾರಿ ನೋಡಿಕೊಳ್ಳುತ್ತೇನೆ. ನಮ್ಮ ಮೂವತ್ತೆಂಟು ಮಂದಿ ಕ್ಷೇತ್ರ ಕಾರ್ಯಕರ್ತೆಯರು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಜೊತೆಗೂಡಿ ಬಾಣಂತಿಯರ ಮನೆಗಳಿಗೂ ಎರಡು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೂ ಹೋಗುತ್ತಾರೆ. ಇದುವರೆಗೆ ಅವರ ಕೆಲಸ ತೂಕ, ಲಸಿಕೆ, ಎದೆಹಾಲು, ಆರು ತಿಂಗಳ ನಂತರದ ಪೂರಕ ಆಹಾರ ಇಷ್ಟಕ್ಕೆ ಸೀಮಿತವಾಗಿತ್ತು. ಕಳೆದ ವರ್ಷ ತಾಯಿ ಮತ್ತು ಮಗುವಿನ ಒಡನಾಟಕ್ಕೂ ನೆರವಾಗಬೇಕೆಂದು ತೀರ್ಮಾನಿಸಿ ಮೂರು ದಿನಗಳ ತರಬೇತಿ ನಡೆಸಿದೆವು. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೊರತಂದ ಪೋಷಕ ಆರೈಕೆಯ ಚೌಕಟ್ಟಿನ ಐದು ಅಂಶಗಳನ್ನು, ಅಂದರೆ ಆರೋಗ್ಯ, ಪೌಷ್ಟಿಕತೆ, ಸುರಕ್ಷತೆ, ಕಲಿಕೆಯ ಅವಕಾಶ ಮತ್ತು ಮಗುವಿನ ಸನ್ನೆಗೆ ಓಗೊಡುವ ಆರೈಕೆಯನ್ನು ಬಿಡಿಸಿ ಹೇಳಿದೆವು. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ 2024ರಲ್ಲಿ ಪ್ರಕಟಿಸಿದ ‘ನವಚೇತನ’ದ 140 ಚಟುವಟಿಕೆಗಳಲ್ಲಿ ನಮ್ಮ ಸೀಮೆಗೆ ಒಗ್ಗುವಂಥವನ್ನು ಆರಿಸಿ ಮಾಡಿಸಿದೆವು. ಕೊನೆಯ ದಿನದ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಳ್ಳೆಯ ಅಂಕ ತೆಗೆದರು.

ಆಮೇಲೆ ಅವರ ಹಿಂದೆ ಮನೆಗಳಿಗೆ ಹೋದಾಗ ನನಗೆ ಕಂಡದ್ದೇ ಬೇರೆ. ಯಲಬುರ್ಗಾ ಕಡೆಯ ಒಂದು ಮನೆಯಲ್ಲಿ ನಮ್ಮ ಕಾರ್ಯಕರ್ತೆ ಪಡಸಾಲೆಯಲ್ಲಿ ಕೂತು, ಚೀಲದಿಂದ ಚಿತ್ರಪಟ ತೆಗೆದು, ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಒಂದೂ ಬಿಡದೆ ವಿವರಿಸಿದಳು. ಮೂರು ತಿಂಗಳ ಕೂಸು ತಾಯಿಯ ತೊಡೆಯ ಮೇಲಿತ್ತು. ಅದು ಕಾರ್ಯಕರ್ತೆಯ ಕೈಯ ಹಸಿರು ಬಳೆಗಳನ್ನು ನೋಡಿತು, ತಾಯಿಯ ಮುಖ ನೋಡಿತು, ಬಾಯಿ ದುಂಡಗೆ ಮಾಡಿ ಏನೋ ದನಿ ತೆಗೆಯಿತು, ಉತ್ತರ ಬಾರದಿದ್ದಾಗ ಇನ್ನೊಮ್ಮೆ ತೆಗೆಯಿತು. ತಾಯಿಗೆ ಅತ್ತ ನೋಡಬೇಕೆನ್ನಿಸಿತು, ಒಮ್ಮೆ ಬಗ್ಗಿದಳು ಕೂಡ. ಆದರೆ ಮನೆಗೆ ಬಂದ ಅಕ್ಕೋರು ಮಾತಾಡುವಾಗ ಕೂಸಿನ ಜೊತೆ ಆಡುತ್ತ ಕೂತರೆ ಮರ್ಯಾದೆ ಅಲ್ಲವೆಂದೋ ಏನೋ ಮತ್ತೆ ಚಿತ್ರಪಟದ ಕಡೆಗೆ ತಿರುಗಿದಳು. ಅದೇ ಹೊತ್ತಿಗೆ ನಮ್ಮ ಕಾರ್ಯಕರ್ತೆ ಏಳನೆಯ ಹಾಳೆ ತೋರಿಸಿ, “ಕೂಸಿನ ಜೋಡಿ ದಿನಾ ಮಾತಾಡಬೇಕ್ರಿ” ಎಂದಳು. ಕೂಸು ಅಷ್ಟರಲ್ಲಿ ಮಾತಾಡಿ ಮುಗಿಸಿ ಅತ್ತ ಹೊರಳಿತ್ತು. ಮೂಲೆಯಲ್ಲಿದ್ದ ಅಜ್ಜಿ, “ಅದಕ್ಕೇನ್ ತಿಳಿತೈತ್ರೀ ಅಕ್ಕಾರ, ಇನ್ನೂ ಹಸಗೂಸು” ಎಂದು ನಕ್ಕರು. ನಾವು ಬರುವ ಮುಂಚೆ ಕೂಸಿಗೆ ನೀರು ಹಾಕುವಾಗ ಅದರ ಜೊತೆ ಎಡೆಬಿಡದೆ ಹರಟುತ್ತಿದ್ದವರು ಇದೇ ಅಜ್ಜಿ. ಅವರ ದನಿ ಓಣಿಯ ತಿರುವಿನಲ್ಲೇ ನಮಗೆ ಕೇಳಿಸಿತ್ತು.

ತಪ್ಪು ಆ ಹುಡುಗಿಯದಲ್ಲ, ನಾನು ಕಲಿಸಿದ್ದನ್ನೇ ಆಕೆ ಮಾಡಿದಳು. ನನ್ನ ತರಬೇತಿ ಹೇಳುವುದನ್ನು ಕಲಿಸಿದೆಯೇ ಹೊರತು ನೋಡುವುದನ್ನು ಕಲಿಸಿಲ್ಲ. ಇನ್ನೆರಡು ತಿಂಗಳಲ್ಲಿ ಎರಡನೆಯ ಸುತ್ತು ಇದೆ. ಎದುರಿಗಿರುವ ತಾಯಿ ಮಗುವಿನ ನಡುವೆ ಆಗಲೇ ನಡೆಯುತ್ತಿರುವುದನ್ನು ಗುರುತಿಸಿ, ಅದಕ್ಕೆ ಇಂಬು ಕೊಡುವುದನ್ನು ಹತ್ತನೆಯ ತರಗತಿ ಓದಿದ, ದಿನಕ್ಕೆ ಐದಾರು ಮನೆ ಸುತ್ತುವ ಕಾರ್ಯಕರ್ತೆಗೆ ಹೇಗೆ ಕಲಿಸಬೇಕು? ಮಗುವಿನ ಕಡೆಗೆ ಕಣ್ಣೆತ್ತಿಯೂ ನೋಡದ ಬಾಣಂತಿ ಎದುರಾದಾಗ ಆಕೆ ಏನು ಮಾಡಬೇಕು? ತರಬೇತಿ ಮುಗಿದ ಮೇಲೆ ಕೈಹಿಡಿದು ನಡೆಸುವ ಕೆಲಸ ಯಾರದು? ಕ್ಷೇತ್ರದಲ್ಲಿ ದುಡಿದವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಮೇಲ್ವಿಚಾರಕಿ (ಮೈಸೂರು ಜಿಲ್ಲೆ)

ತಂಗೀ, ನೀವು ಬರೆದ ಆ ಏಳನೆಯ ಹಾಳೆಯನ್ನು ನಾನೂ ಎಷ್ಟೋ ಮನೆಗಳಲ್ಲಿ ತಿರುವಿದ್ದೇನೆ, ಚಿತ್ರ ಬೇರೆ ಇದ್ದಿರಬಹುದು ಅಷ್ಟೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಅದು ಕಾಲಿಟ್ಟದ್ದು ನಮ್ಮ ಟಿ. ನರಸೀಪುರದಲ್ಲಿ. ನಾನು ಸೇರಿದ್ದು ಬಹಳ ವರ್ಷಗಳ ನಂತರವಾದರೂ, ಮೊದಮೊದಲ ಕಾರ್ಯಕರ್ತೆಯರಲ್ಲಿ ಕೆಲವರ ಕೆಲಸವನ್ನು ಹತ್ತಿರದಿಂದ ಕಂಡಿದ್ದೇನೆ. ಅವರ ಕೈಯಲ್ಲಿ ಚಿತ್ರಪಟ ಇರಲಿಲ್ಲ. ಮನೆಗೆ ಹೋದರೆ ಅವರೆಕಾಯಿ ಬಿಡಿಸುತ್ತಲೋ ಅಕ್ಕಿ ಆರಿಸುತ್ತಲೋ ಕೂರುತ್ತಿದ್ದರು, ಕಣ್ಣು ಮಾತ್ರ ಕೂಸಿನ ಮೇಲಿರುತ್ತಿತ್ತು. ಹಾಗೆಂದು ಹಳೆಯದೆಲ್ಲ ಚೆನ್ನಾಗಿತ್ತು ಎನ್ನುತ್ತಿಲ್ಲ. ಬೈಗುಳ, ಗದರಿಕೆ ಆಗಲೂ ಇತ್ತು.

ತರಬೇತಿಯಲ್ಲಿ ನಾನು ಮಾಡಿಸಿ ಫಲ ಕಂಡ ಒಂದು ಅಭ್ಯಾಸವನ್ನು ಹೇಳುತ್ತೇನೆ. ನೋಟ್ ಪುಸ್ತಕದ ಹಾಳೆಯನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿಸಿ. ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಅಂದುಕೊಂಡದ್ದು’. ನಂತರ ಹಾಲುಣಿಸುವ ಒಬ್ಬ ತಾಯಿಯನ್ನು ಅವರೆದುರು ಐದು ನಿಮಿಷ ಕೂರಿಸಿ, ಯಾರೂ ತುಟಿ ಬಿಚ್ಚದೆ ನೋಡಿ ಬರೆಯಬೇಕೆಂದು ಹೇಳಿ. ಮೊದಲ ಸಲ ಎಡಭಾಗ ಖಾಲಿ ಉಳಿದು ಬಲಭಾಗ ತುಂಬಿಹೋಗುತ್ತದೆ. ‘ತಾಯಿಗೆ ಮಗುವಿನ ಮೇಲೆ ಗಮನವಿಲ್ಲ’ ಎಂದು ಒಬ್ಬಾಕೆ ಬರೆದಿದ್ದಳು. ಕಂಡದ್ದೇನು ಎಂದು ನಾನು ಮತ್ತೆ ಮತ್ತೆ ಕೇಳಿದಾಗ ಹೊರಬಂದದ್ದು ಇಷ್ಟು: ಮಗು ಮೊಲೆ ಬಿಟ್ಟು ಎರಡು ಸಲ ತಲೆ ಎತ್ತಿತು, ತಾಯಿ ಆಗ ಬಾಗಿಲ ಕಡೆಗೆ ನೋಡುತ್ತಿದ್ದಳು, ಮೂರನೆಯ ಸಲ ಮಗು ಅವಳ ಸರವನ್ನು ಹಿಡಿದೆಳೆದಾಗ ಅದರ ಮುಷ್ಟಿಯನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡಳು. ಬಾಗಿಲಲ್ಲಿ ಅವಳ ದೊಡ್ಡ ಮಗ ನಿಂತಿದ್ದ. ಗಮನವಿಲ್ಲದ ತಾಯಿ ಎಲ್ಲಿ ಹೋದಳು? ಈ ಅಭ್ಯಾಸವನ್ನು ಒಂದೇ ದಿನದಲ್ಲಿ ನಾಲ್ಕು ಸಲ ಮಾಡಿಸಿದರೆ ಸಂಜೆಯ ಹೊತ್ತಿಗೆ ಎಡಭಾಗ ತುಂಬತೊಡಗುತ್ತದೆ. ಸೀರೆ ಸುತ್ತಿದ ಗೊಂಬೆ ಇಟ್ಟುಕೊಂಡು ಮಾಡುವ ಪಾತ್ರಾಭಿನಯದಿಂದ ಇದು ಸಾಧ್ಯವಿಲ್ಲ, ಏಕೆಂದರೆ ಗೊಂಬೆ ಉತ್ತರ ಕೊಡುವುದಿಲ್ಲ. ತಾಯಂದಿರನ್ನೇ ಕರೆಸಿ. ಬರುವವರಿಗೆ ಆ ದಿನದ ಕೂಲಿ, ಊಟ, ಬಸ್ ಚಾರ್ಜು ಕೊಡಿ, ಮಗು ಅತ್ತರೆ ಎದ್ದುಹೋಗುವ ಸ್ವಾತಂತ್ರ್ಯವನ್ನೂ ಮೊದಲೇ ಹೇಳಿ.

ಇನ್ನು ನೋಡಿದ್ದನ್ನು ತಾಯಿಗೆ ಹೇಳುವ ಬಗೆ. ಇಂಗ್ಲಿಷ್ ಕೈಪಿಡಿಗಳೆಲ್ಲ ಮೊದಲು ಹೊಗಳಿ ಎನ್ನುತ್ತವೆ. ನಮ್ಮ ಹಳ್ಳಿಗಳಲ್ಲಿ ಅದನ್ನು ಹಾಗೆಯೇ ಮಾಡಿದರೆ ಎಡವಟ್ಟಾಗುತ್ತದೆ. ಒಬ್ಬ ಹೊಸ ಕಾರ್ಯಕರ್ತೆ ಬಾಣಂತಿ ಕೋಣೆಯಲ್ಲಿ, “ಅಬ್ಬಾ, ಎಷ್ಟು ಮುದ್ದಾಗಿ ನಗುತ್ತದೆ, ಎಷ್ಟು ದುಂಡಗಿದೆ ನೋಡಿ” ಎಂದಳು. ಅತ್ತೆಯ ಮುಖ ಕಪ್ಪಿಟ್ಟಿತು. ಅಂದು ಸಂಜೆ ಮಗುವಿಗೆ ಜ್ವರ ಬಂದಿತಂತೆ. ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು, ಆ ಕಾರ್ಯಕರ್ತೆಗೆ ಮೂರು ತಿಂಗಳು ಆ ಮನೆಯ ಬಾಗಿಲು ತೆರೆಯಲಿಲ್ಲ. ಅದನ್ನು ಮೂಢನಂಬಿಕೆ ಎಂದು ಮೂಗು ಮುರಿದರೆ ಕೆಲಸ ಆಗುವುದಿಲ್ಲ. ನಾನು ಕಂಡುಕೊಂಡ ಉಪಾಯವೆಂದರೆ ಮಗುವಿನ ಅಂದಚೆಂದದ ಮಾತು ತೆಗೆಯಲೇ ಕೂಡದು. ತಾಯಿ ಮಾಡಿದ್ದನ್ನೂ ಅದಕ್ಕೆ ಮಗು ಮಾಡಿದ್ದನ್ನೂ ಬಿಡಿಬಿಡಿಯಾಗಿ ಹೇಳಬೇಕು. “ನೀನು ಅದರ ಕೈ ಹಿಡಿದುಕೊಂಡೆಯಲ್ಲ, ಆಗ ಅದು ಅಳು ನಿಲ್ಲಿಸಿ ನಿನ್ನ ಕಡೆ ತಿರುಗಿತು” ಎಂದಷ್ಟೇ. ಇದಕ್ಕೆ ದೃಷ್ಟಿಯ ಭಯವಿಲ್ಲ, ಇದು ಹೊಗಳಿಕೆಯೂ ಅಲ್ಲ, ಆದರೆ ಕೇಳಿದ ತಾಯಿಯ ಮುಖ ಅರಳುವುದನ್ನು ನಾನು ಕಂಡಿದ್ದೇನೆ. ಹಾಗೆ ಹೇಳಿ ಎರಡು ಬೆರಳ ನೆಟಿಕೆ ಮುರಿದರಂತೂ ಅತ್ತೆಯವರು ಕಾಫಿಗೆ ನೀರಿಡಲು ಎದ್ದೇಬಿಡುತ್ತಾರೆ.

ನಿಮ್ಮ ಆ ಅಜ್ಜಿಯನ್ನು ಕೈಬಿಡಬೇಡಿ. ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕುತ್ತ, ಇದು ಕೈ, ಇದು ಕಾಲು, ಇದು ನಿಮ್ಮಪ್ಪನ ಮೂಗು ಎಂದು ಮಾತಾಡಿಸುವ ಆ ಇಪ್ಪತ್ತು ನಿಮಿಷಗಳಲ್ಲಿ ನಿಮ್ಮ ಚಿತ್ರಪಟದ ಅರ್ಧದಷ್ಟು ಇದೆ. ಕಾರ್ಯಕರ್ತೆಯನ್ನು ನೀರು ಹಾಕುವ ಹೊತ್ತಿಗೇ ಕಳಿಸಿ, ಪಕ್ಕದಲ್ಲಿ ತಾಯಿಯನ್ನು ಕೂರಿಸಿಕೊಂಡು ನೋಡಲಿ. ಮಗು ಯಾವಾಗ ಮೈ ಸಡಿಲ ಬಿಟ್ಟಿತು, ಯಾವಾಗ ಬಿಗಿಹಿಡಿಯಿತು ಎಂಬುದನ್ನು ಮೂವರೂ ಕೂತು ಮಾತಾಡಿದರೆ ಅದೇ ಪಾಠ. ಮೂಗು ಎಳೆಯುವುದು, ಕಿವಿಗೆ ಎಣ್ಣೆ ಬಿಡುವುದು ಬೇಡ ಎಂಬ ಮಾತನ್ನು ಎರಡನೆಯ ಭೇಟಿಗೆ ಇಟ್ಟುಕೊಳ್ಳಲಿ.

ಉತ್ತರ 2: ಗುಳೆ ಹೋದವನು (ರಾಯಚೂರು, ಸದ್ಯ ಬೆಂಗಳೂರು)

ನಾನು ಕಟ್ಟಡ ಕಾರ್ಮಿಕರ ನಡುವೆ ಕೆಲಸ ಮಾಡುವವನು, ಆದ್ದರಿಂದ ಸ್ವಲ್ಪ ಕಹಿಯಾಗಿಯೇ ಕೇಳುತ್ತೇನೆ. ತಾಯಿ ಮಗುವಿನ ಮುಖ ನೋಡುತ್ತಿಲ್ಲ ಎಂದು ಪಟ್ಟಿ ಮಾಡುವ ಮೊದಲು ಆಕೆಗೆ ನೋಡಲು ಬಿಡುವಿದೆಯೇ ಎಂದು ಕೇಳಿದ್ದೀರಾ? ಸಂಘಟಿತ ವಲಯದ ಮಹಿಳೆಗೆ 2017ರ ತಿದ್ದುಪಡಿಯಿಂದ 26 ವಾರಗಳ ಹೆರಿಗೆ ರಜೆ ಸಿಕ್ಕಿತು. ನಮ್ಮ ಕಡೆಯ ಕೂಲಿ ಹೆಣ್ಣುಮಗಳಿಗೆ ಮೊದಲ ಮಗುವಿಗೆ ಮಾತೃ ವಂದನಾ ಯೋಜನೆಯ 5,000 ರೂಪಾಯಿ, ಅದೂ ಕಂತುಗಳಲ್ಲಿ. ಆಕೆ ಮೂರನೆಯ ತಿಂಗಳಿಗೆ ಹತ್ತಿ ಬಿಡಿಸಲು ಹೋಗುತ್ತಾಳೆ, ಇಲ್ಲವೇ ಕೂಸನ್ನು ಕಟ್ಟಿಕೊಂಡು ಬೆಂಗಳೂರಿನ ಬಸ್ ಹತ್ತುತ್ತಾಳೆ. ಇಲ್ಲಿ ಸಿಮೆಂಟ್ ಚೀಲದ ನೆರಳಿನಲ್ಲಿ ಜೋಲಿ ಕಟ್ಟಿ, ಆರು ವರ್ಷದ ಅಕ್ಕನನ್ನು ತೂಗಲು ಕೂರಿಸಿ ಇಟ್ಟಿಗೆ ಹೊರುತ್ತಾಳೆ. ಇಂಥ ತಾಯಿಗೆ ನಿಮ್ಮ ಕಾರ್ಯಕರ್ತೆ ಬಂದು ಮಗುವಿನ ಜೊತೆ ಆಡು ಎಂದರೆ ಅದು ಉಪದೇಶವಲ್ಲ, ಗಾಯಕ್ಕೆ ಉಪ್ಪು.

ಹಣವಿದ್ದರೆ ಮೊದಲು ಕೂಸಿನ ಮನೆಗಳಿಗೆ, ಅಂದರೆ ಊರಿನ ಶಿಶುಪಾಲನಾ ಕೇಂದ್ರಗಳಿಗೆ ಸುರಿಯಿರಿ. ರಾಜ್ಯ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗಾಗಿ ಕೂಸಿನ ಮನೆ ತೆರೆಯುವುದಾಗಿ ಘೋಷಿಸಿತು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಅದೇ ಊರಿನ ಹೆಣ್ಣುಮಕ್ಕಳು. ಹಗಲಿಡೀ ಮಗುವಿನ ಜೊತೆಗಿರುವವರು ಅವರು. ನಿಮ್ಮ ನೋಡುವ ವಿದ್ಯೆಯನ್ನು ಅವರಿಗೆ ಕಲಿಸಿದರೆ ಅರ್ಥವಿದೆ.

ಉತ್ತರ 3: ಶಿಶು ಮನಸ್ಸು (ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಧಾರವಾಡ)

ಗುಳೆ ಹೋದವರ ಮಾತಿನಲ್ಲಿ ಮುಕ್ಕಾಲು ಪಾಲನ್ನು ನಾನು ಒಪ್ಪುತ್ತೇನೆ. ಕೂಸಿನ ಮನೆಯ ಆರೈಕೆದಾರರಿಗೆ ತರಬೇತಿ ಬೇಕೇ ಬೇಕು, ಮತ್ತು ಬಡತನವನ್ನು ತಾಯಿಯ ದೋಷವೆಂದು ಬರೆದಿಡುವ ತರಬೇತಿ ಇಲ್ಲದಿರುವುದೇ ಲೇಸು. ಉಳಿದ ಕಾಲು ಪಾಲಿನ ಬಗ್ಗೆ ಒಂದು ಸಂಗತಿ ಹೇಳಬೇಕು. ಜಮೈಕಾದ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ 1980ರ ದಶಕದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಕುಂಠಿತ ಬೆಳವಣಿಗೆಯ 129 ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ವಾರಕ್ಕೊಂದು ಕಿಲೋ ಹಾಲಿನ ಪುಡಿಯ ಆಹಾರ, ಒಂದಕ್ಕೆ ವಾರಕ್ಕೊಮ್ಮೆ ಸಮುದಾಯದ ಆರೋಗ್ಯ ಸಹಾಯಕಿಯ ಒಂದು ಗಂಟೆಯ ಭೇಟಿ, ಅಲ್ಲಿ ತಾಯಿ ಮಗುವಿನ ಜೊತೆ ಆಡಲು ಆಸರೆ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಎರಡೂ ಇಲ್ಲ. ಎರಡು ವರ್ಷದ ಕೊನೆಗೆ ಆಹಾರದಿಂದಲೂ ಒಡನಾಟದಿಂದಲೂ ಮಕ್ಕಳ ಬೆಳವಣಿಗೆ ಸುಧಾರಿಸಿತ್ತು. ಇಪ್ಪತ್ತು ವರ್ಷಗಳ ನಂತರ ಆ ಮಕ್ಕಳನ್ನೇ ಹುಡುಕಿ ನೋಡಿದಾಗ, ಭೇಟಿ ಪಡೆದವರ ಗಳಿಕೆ ಪಡೆಯದವರಿಗಿಂತ ಶೇಕಡ 25ರಷ್ಟು ಹೆಚ್ಚಿತ್ತೆಂದು 2014ರಲ್ಲಿ ಪ್ರಕಟವಾಯಿತು. ಅದೇ ಮಾದರಿಯನ್ನು ನಮ್ಮ ದೇಶದಲ್ಲೇ, ಒಡಿಶಾದ ಕಟಕ್ ನಗರದ ಕೊಳೆಗೇರಿಗಳಲ್ಲಿ ಸ್ಥಳೀಯ ಹೆಣ್ಣುಮಕ್ಕಳ ಕೈಯಲ್ಲಿ ನಡೆಸಿದಾಗಲೂ ಮಕ್ಕಳ ಗ್ರಹಿಕೆಯಲ್ಲಿ ಸ್ಪಷ್ಟ ಸುಧಾರಣೆ ಕಂಡಿತು. ಹಸಿದ ಮನೆಗೆ ಆಟವೇಕೆ ಎಂಬ ಪ್ರಶ್ನೆಗೆ ಹಸಿದ ಮನೆಗಳಲ್ಲೇ ಸಿಕ್ಕ ಉತ್ತರ ಇದು. ಅಲ್ಲಿನ ಆಟಿಕೆಗಳೂ ಬಾಟಲಿ ಮುಚ್ಚಳ, ರಟ್ಟು, ಬಟ್ಟೆ ಚೂರುಗಳಿಂದ ಮಾಡಿದವು.

ಮೂಲ ಪ್ರಶ್ನೆಗೆ ಬರುತ್ತೇನೆ. ನೋಡುವುದು ಈ ವಿದ್ಯೆಯ ಹುಟ್ಟಿನಲ್ಲೇ ಇದೆ. ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ 1954ರ ಸುಮಾರಿಗೆ ಉಗಾಂಡಾದ ಕಂಪಾಲಾ ಸುತ್ತಲಿನ ಹಳ್ಳಿಗಳಲ್ಲಿ 26 ಕುಟುಂಬಗಳ ಮನೆಗೆ ಎರಡು ವಾರಕ್ಕೊಮ್ಮೆ ಹೋಗಿ ಕೂತು, ತಾಯಿ ಎದ್ದುಹೋದಾಗ ಮಗು ಏನು ಮಾಡುತ್ತದೆ, ಹಿಂದಿರುಗಿದಾಗ ಏನು ಮಾಡುತ್ತದೆ ಎಂದು ಬರೆದಿಟ್ಟರು. ಮಗು ಮತ್ತು ತಾಯಿಯ ಬಾಂಧವ್ಯದ ಬಗ್ಗೆ ಇಂದು ನಾವು ಪಾಠ ಮಾಡುವುದರಲ್ಲಿ ಎಷ್ಟೋ ಭಾಗ ಆ ಮನೆಗಳ ಜಗುಲಿಯಿಂದ ಬಂದದ್ದು. ನಿಮ್ಮ ಕಾರ್ಯಕರ್ತೆಯರಿಗೆ ಈ ಕಥೆ ಹೇಳಿ. ತಮ್ಮದು ಕೆಳದರ್ಜೆಯ ಕೆಲಸ, ವಿಜ್ಞಾನ ಎಲ್ಲೋ ಪಟ್ಟಣದಲ್ಲಿದೆ ಎಂಬ ಅವರ ಅಳುಕು ಇದರಿಂದ ಸ್ವಲ್ಪ ಕರಗುತ್ತದೆ.

ತಾಯಿ ಕೆಲವು ನಿಮಿಷ ಮುಖದಲ್ಲಿ ಭಾವವೇ ಇಲ್ಲದೆ ಕೂತಾಗ ಮಗು ನಗುತ್ತ, ಕೈ ಚಾಚುತ್ತ, ಕೂಗುತ್ತ ಅವಳನ್ನು ಮರಳಿ ಕರೆಯಲು ಹೆಣಗುವ, ಕೊನೆಗೆ ಮುಖ ತಿರುಗಿಸುವ ಎಡ್ವರ್ಡ್ ಟ್ರಾನಿಕ್ ಅವರ 1970ರ ದಶಕದ ಪ್ರಯೋಗದ ವಿಡಿಯೊವನ್ನು ಅನೇಕರು ತರಬೇತಿಯಲ್ಲಿ ತೋರಿಸುತ್ತಾರೆ. ನಾನೂ ತೋರಿಸಿದ್ದೇನೆ, ಒಮ್ಮೆ ಪಶ್ಚಾತ್ತಾಪವನ್ನೂ ಪಟ್ಟಿದ್ದೇನೆ. ದೀಪ ಹಾಕಿದಾಗ ಹಿಂದಿನ ಸಾಲಿನಲ್ಲಿ ಇಬ್ಬರು ಅಳುತ್ತಿದ್ದರು. ಒಬ್ಬಾಕೆ ತನ್ನ ಮಗಳಿಗೆ ಆರು ತಿಂಗಳಿದ್ದಾಗ ಗಂಡ ತೀರಿಕೊಂಡಿದ್ದನೆಂದೂ, ವರ್ಷವಿಡೀ ತನ್ನ ಮುಖ ಹಾಗೆಯೇ ಇತ್ತೆಂದೂ ಹೇಳಿದಳು. ಆದ್ದರಿಂದ ಆ ವಿಡಿಯೊ ತೋರಿಸುವುದಾದರೆ ಅದೇ ಟ್ರಾನಿಕ್ ಕಂಡ ಇನ್ನೊಂದು ಸಂಗತಿಯನ್ನು ಬಿಡದೆ ಹೇಳಿ: ಆರೋಗ್ಯವಂತ ತಾಯಿ ಮಗು ಕೂಡ ಮುಖಾಮುಖಿ ಆಟದಲ್ಲಿ ಸುಮಾರು ಮೂರನೇ ಒಂದು ಪಾಲು ಹೊತ್ತು ಮಾತ್ರ ಒಂದೇ ತಾಳಕ್ಕೆ ಇರುತ್ತಾರೆ. ಉಳಿದ ಹೊತ್ತು ತಾಳ ತಪ್ಪುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ತಪ್ಪಿದ ತಾಳ ಮತ್ತೆ ಕೂಡಿಕೊಳ್ಳುತ್ತದೆ ಎಂಬ ಭರವಸೆಯೇ ಮಗು ಕಲಿಯುವ ಪಾಠ. ಹಾಗಾಗಿ ಜೋಳ ಹಸನು ಮಾಡುತ್ತ ಎರಡು ಸಲ ಕೂಸಿನ ಕರೆ ತಪ್ಪಿಸಿಕೊಂಡ ತಾಯಿಯ ಬಗ್ಗೆ ಯಾರೂ ಗಾಬರಿಪಡಬೇಕಿಲ್ಲ, ಮೂರನೆಯ ಸಲ ಏನಾಯಿತೆಂದು ನೋಡಬೇಕು.

ಗಾಬರಿಪಡಬೇಕಾದ ತಾಯಿ ಬೇರೆ. ವಾರ ಕಳೆದರೂ ಮಗುವನ್ನು ಹೆಸರು ಹಿಡಿದು ಕರೆಯದ, ಎತ್ತಿಕೊಂಡರೂ ಮರದ ತುಂಡಿನಂತೆ ಹಿಡಿಯುವ, ನಿದ್ದೆ ಬಿಟ್ಟ, ‘ನಾನು ಇದ್ದೇನು ಪ್ರಯೋಜನ’ ಎನ್ನುವ ತಾಯಿಯೆದುರು ಚಟುವಟಿಕೆಯ ಹಾಳೆ ತೆರೆಯಲೇಬಾರದು. ಆಕೆಗೆ ಬೇಕಾದದ್ದು ಆಟದ ಪಾಠವಲ್ಲ, ಕೇಳುವ ಕಿವಿ, ಆಮೇಲೆ ಚಿಕಿತ್ಸೆ. ಬಾಣಂತಿಯ ಖಿನ್ನತೆಯನ್ನು ಗುರುತಿಸುವ ಹತ್ತು ಪ್ರಶ್ನೆಗಳ ಎಡಿನ್‌ಬರೊ ಪ್ರಶ್ನಾವಳಿಯನ್ನು ಕನ್ನಡದಲ್ಲಿ ಬಳಸುತ್ತಾರೆ, ಆದರೆ ಅದನ್ನು ಅತ್ತೆಯೆದುರು ಗಟ್ಟಿಯಾಗಿ ಓದಿ ಹೇಳಿ ತುಂಬಿಸುವುದಕ್ಕಿಂತ ತುಂಬಿಸದಿರುವುದು ಮೇಲು. ಅದರ ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಅದಕ್ಕೆ ಹೌದೆಂಬ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಇಲ್ಲವೇ ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ತಿಳಿಸಬೇಕು, ಆಕೆಯನ್ನು ಒಂಟಿಯಾಗಿ ಬಿಡಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ತೀರಾ ತೀವ್ರವಾದ ಸ್ಥಿತಿಯಲ್ಲಿ ತಾಯಿ ಮತ್ತು ಮಗುವನ್ನು ಬೇರ್ಪಡಿಸದೆ ಒಟ್ಟಿಗೆ ಸೇರಿಸಿಕೊಳ್ಳುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಈ ದಾರಿಗಳೆಲ್ಲ ತರಬೇತಿಗೆ ಮೊದಲೇ ನಿಮ್ಮ ಕಚೇರಿಯಲ್ಲಿ ಗಟ್ಟಿಯಾಗಿರಬೇಕು. ದಾರಿ ತೋರಿಸದೆ ಕಣ್ಣು ತೆರೆಸಿದರೆ ಕಾರ್ಯಕರ್ತೆ ಕಂಡದ್ದನ್ನು ಮುಚ್ಚಿಡಲು ಕಲಿಯುತ್ತಾಳೆ.

ನಿಮ್ಮ ಮೂರನೆಯ ಪ್ರಶ್ನೆಯೇ ನನ್ನ ಪ್ರಕಾರ ಮುಖ್ಯವಾದದ್ದು. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಅತೀಫ್ ರೆಹಮಾನ್ ಮತ್ತು ಸಂಗಡಿಗರು ನಮ್ಮ ಆಶಾ ಕಾರ್ಯಕರ್ತೆಯರನ್ನು ಹೋಲುವ ಲೇಡಿ ಹೆಲ್ತ್ ವರ್ಕರ್‌ಗಳಿಂದ ಖಿನ್ನತೆಯ ತಾಯಂದಿರಿಗೆ ನೆರವು ಕೊಡಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಗುವಿಗೆ ಆರು ತಿಂಗಳಾದಾಗ ನೆರವು ಪಡೆದವರಲ್ಲಿ ಶೇಕಡ 23 ಮಂದಿಗೆ, ಪಡೆಯದವರಲ್ಲಿ ಶೇಕಡ 53 ಮಂದಿಗೆ ಖಿನ್ನತೆ ಉಳಿದಿತ್ತು. ಅಲ್ಲಿ ಆರಂಭದ ತರಬೇತಿ ಕೆಲವೇ ದಿನಗಳದ್ದು. ಪ್ರತಿ ತಿಂಗಳೂ ಅರ್ಧ ದಿನ ಸಣ್ಣ ಗುಂಪಿನಲ್ಲಿ ಕೂತು ಎದುರಾದ ಕಷ್ಟಗಳನ್ನು ಮಾತಾಡುವ ಸಭೆ ಮಾತ್ರ ತಪ್ಪುತ್ತಿರಲಿಲ್ಲ. ಅಮೆರಿಕದ ಮಿಷಿಗನ್‌ನಲ್ಲಿ 1970ರ ದಶಕದಲ್ಲಿ ಸೆಲ್ಮಾ ಫ್ರೈಬರ್ಗ್ ತಾಯಿ ಮಗುವಿನ ಮನೆಗೇ ಹೋಗಿ ಚಿಕಿತ್ಸೆ ಮಾಡುವ ಪದ್ಧತಿ ರೂಪಿಸಿದರು. ತನ್ನ ಬಾಲ್ಯದ ನೋವನ್ನು ಯಾರೂ ಕೇಳಿಸಿಕೊಳ್ಳದ ತಾಯಿಗೆ ಮಗುವಿನ ಅಳು ಕೇಳಿಸುವುದಿಲ್ಲ, ಅವಳ ಅಳುವನ್ನು ಯಾರಾದರೂ ಕೇಳಿಸಿಕೊಂಡಾಗ ಮಗುವಿನದೂ ಕೇಳಿಸತೊಡಗುತ್ತದೆ ಎಂಬುದು ಅವರು ಕಂಡ ಸತ್ಯ. ಈ ಸರಪಳಿಯನ್ನು ಇನ್ನೊಂದು ಕೊಂಡಿ ಮೇಲಕ್ಕೆ ಎಳೆಯಿರಿ. ಮಾಸಿಕ ಸಭೆಯಲ್ಲಿ ಗುರಿ ಮುಟ್ಟದ್ದಕ್ಕೆ ಬೈಸಿಕೊಂಡ ಕಾರ್ಯಕರ್ತೆ ಮಾರನೆಯ ದಿನ ಬಾಣಂತಿಯ ಮನೆಯಲ್ಲಿ ಮೃದುವಾಗಿ ಕೂರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆಕೆ ತಾಯಿಯ ಜೊತೆ ಹೇಗಿರಬೇಕೆಂದು ನೀವು ಬಯಸುತ್ತೀರೋ ಹಾಗೆ ನೀವು ಆಕೆಯ ಜೊತೆ ಇರಬೇಕು. ತಿಂಗಳಿಗೆ ಎರಡು ಗಂಟೆ, ಐದಾರು ಮಂದಿಗೆ ಒಬ್ಬ ಹಿರಿಯಳು, ರಿಜಿಸ್ಟರ್ ಹೊರಗಿಟ್ಟು, ಒಂದೇ ಒಂದು ಮನೆಯ ಕಥೆ. ಮೊದಲ ಪ್ರಶ್ನೆ ‘ಏನು ಮಾಡಿದೆ’ ಎಂದಾಗಿರದೆ ‘ಆ ಮನೆಯಲ್ಲಿ ಕೂತಾಗ ನಿನಗೇನು ಅನ್ನಿಸಿತು’ ಎಂದಿರಲಿ. ಆ ಕಥೆ ಆ ಕೋಣೆಯ ಹೊರಗೆ ಹೋಗಬಾರದು, ಊರು ಸಣ್ಣದು.

ಉತ್ತರ 4: ಅಂಗನವಾಡಿ ಟೀಚರ್ (ಹಾವೇರಿ ಜಿಲ್ಲೆ)

ಎಲ್ಲ ಓದಿದೆ. ಒಳ್ಳೆಯ ಮಾತುಗಳು. ಆದರೆ ನನ್ನ ಬೆಳಗ್ಗೆ ಹೀಗಿರುತ್ತದೆ: ಕೇಂದ್ರ ತೆರೆದು, ಮಕ್ಕಳ ಹಾಜರಿಯನ್ನು ಮೊಬೈಲ್‌ನ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹಾಕಿ, ನೆಟ್‌ವರ್ಕ್ ಇಲ್ಲದಿದ್ದರೆ ನೀರಿನ ಟ್ಯಾಂಕಿನ ಬಳಿ ಹೋಗಿ ನಿಂತು, ಬಂದು ಅಡುಗೆ ನೋಡಿ, ನಡುವೆ ಮತದಾರರ ಪಟ್ಟಿಯ ಕೆಲಸ ಬಂದರೆ ಅದನ್ನೂ ಮಾಡಿ. ಆಶಾ ಅಕ್ಕನ ಗೋಳು ಇನ್ನೊಂದು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನದ ಆರು ಭೇಟಿಗೆ ಅವರಿಗೆ 250 ರೂಪಾಯಿ. ನಮೂನೆ ತುಂಬಿದರೆ ಹಣ, ಐದು ನಿಮಿಷ ಸುಮ್ಮನೆ ಕೂತು ನೋಡಿದ್ದಕ್ಕೆ ಯಾವ ಕಾಲಮ್ಮೂ ಇಲ್ಲ. ಹೊಸದೊಂದು ಭೇಟಿ ಸೇರಿಸಿದರೆ ಅದು ಕಾಗದದ ಮೇಲೆ ನಡೆಯುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಆದ್ದರಿಂದ ಇರುವ ಹೊತ್ತನ್ನೇ ಬಳಸಿಕೊಳ್ಳಿ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರೂ ಬಾಣಂತಿಯರೂ ಮಧ್ಯಾಹ್ನದ ಊಟಕ್ಕೆ ಕೇಂದ್ರಕ್ಕೆ ಬರಬೇಕು. ಎಲ್ಲರೂ ಬರುವುದಿಲ್ಲ, ದೂರದವರು ಡಬ್ಬಿಗೆ ಹಾಕಿಸಿಕೊಂಡು ಹೋಗುತ್ತಾರೆ. ಬರುವ ನಾಲ್ಕು ಜನ ಊಟ ಮಾಡುವಾಗ ಅವರ ಕೂಸು ನನ್ನ ತೊಡೆಯ ಮೇಲಿರುತ್ತದೆ. ಅನ್ನ ಕಲಸುತ್ತ ಅವರು ಕೂಸಿನ ಕಡೆ ನೋಡುತ್ತಾರೆ, ಕೂಸು ಅವರ ಕೈ ನೋಡುತ್ತದೆ. “ನೋಡು, ನಿನ್ನ ದನಿ ಕೇಳಿ ಹೇಗೆ ಕಾಲು ಬಡಿಯಿತು” ಎಂದು ಹೇಳಲು ನನಗೆ ಯಾವ ರಿಜಿಸ್ಟರ್ ಅಡ್ಡ ಬರುವುದಿಲ್ಲ. ತರಬೇತಿಯನ್ನು ಆ ಅರ್ಧ ಗಂಟೆಗೆ ಹೊಂದಿಸಿ ಕೊಡಿ, ನಾವು ಮಾಡುತ್ತೇವೆ. ಮತ್ತೊಂದು ಮಾತು: ನಮ್ಮನ್ನು ತರಬೇತಿಗೆ ಕರೆದಾಗ ಮಧ್ಯಾಹ್ನ ಮೂರು ಗಂಟೆಗೆ ಬಿಡಿ. ನಮಗೂ ಮನೆಯಲ್ಲಿ ಮಕ್ಕಳಿದ್ದಾರೆ.

ಹಿರೇಹಳ್ಳದಾಕೆ (ಪ್ರಶ್ನೆ ಕೇಳಿದವರು), ಐದು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ತಡವಾಗಿ ಬರೆಯುತ್ತಿರುವುದಕ್ಕೆ ಕಾರಣ, ಪೂರ್ಣ ಸುತ್ತಿಗೆ ಮುಂಚೆ ಹನ್ನೆರಡು ಮಂದಿಯ ಒಂದು ಗುಂಪಿನಲ್ಲಿ ಇದನ್ನು ಮಾಡಿ ನೋಡಬೇಕೆನ್ನಿಸಿತು. ಚಿತ್ರಪಟಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮೊದಲ ದಿನ ಎರಡು ಭಾಗದ ಹಾಳೆ. ಮೈಸೂರಿನ ಅಕ್ಕ ಹೇಳಿದಂತೆಯೇ ಎಡಭಾಗ ಖಾಲಿ ಉಳಿಯಿತು, ನನ್ನ ಹಾಳೆಯದೂ ಸೇರಿ. ಕೂಲಿ ಕೊಟ್ಟು ಮೂವರು ತಾಯಂದಿರನ್ನು ಕರೆಸಿದ್ದೆವು. ಒಬ್ಬರ ಮಗು ಬಂದವರ ಗದ್ದಲಕ್ಕೆ ಹೆದರಿ ಅತ್ತು ರಂಪ ಮಾಡಿತು. ಆಕೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡಿ ಸಮಾಧಾನ ಮಾಡಿದ್ದನ್ನು ಎಲ್ಲರೂ ಕಿಟಕಿಯಿಂದ ನೋಡಿದರು, ಅದೇ ಆ ದಿನದ ಅತ್ಯುತ್ತಮ ಪಾಠವಾಯಿತು.

ನಮ್ಮ ಜಿಲ್ಲೆಗೆ ವಿಶೇಷವಾದ ಒಂದು ಅನುಕೂಲ ನನಗೆ ಹೊಳೆದೇ ಇರಲಿಲ್ಲ. ಕೆಲವು ವರ್ಷಗಳ ಹಿಂದೆ 2,000 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳಿಗೆ ಕಾಂಗರೂ ಆರೈಕೆಯನ್ನು ವ್ಯಾಪಕವಾಗಿ ಜಾರಿಗೆ ತರುವ ಸಂಶೋಧನೆ ಕೊಪ್ಪಳದಲ್ಲಿ ನಡೆದಿತ್ತು. ಎದೆಗೆ ಎದೆ ತಾಗಿಸಿ ಮಗುವನ್ನು ಕಟ್ಟಿಕೊಳ್ಳುವುದನ್ನು ಇಲ್ಲಿನ ಹಲವು ಆಶಾ ಕಾರ್ಯಕರ್ತೆಯರು ಆಗಲೇ ಬಲ್ಲರು. ಗುಂಪಿನಲ್ಲಿದ್ದ ಒಬ್ಬ ಆಶಾ ಅಕ್ಕ, ತಾನು ಹೇಳಿಕೊಟ್ಟ ಒಂದು ಮನೆಯಲ್ಲಿ ತಾಯಿಗೆ ಜ್ವರ ಬಂದಾಗ ತಂದೆಯೇ ಅಂಗಿ ಬಿಚ್ಚಿ ಕೂಸನ್ನು ಎದೆಗೆ ಕಟ್ಟಿಕೊಂಡು ಕೂತದ್ದನ್ನು ನೆನಪಿಸಿಕೊಂಡರು. “ತೂಕ ಏರಿತೇನು ಅಂತ ಅಷ್ಟೇ ನಾ ನೋಡಿದ್ದೆ. ಅಂವಾ ಅದರ ಉಸಿರಿನ ಜೋಡಿ ತನ್ನ ಉಸಿರು ಸಣ್ಣ ಮಾಡಿಕೊಂಡಿದ್ದು ಈಗ ನೆನಪಾಗತೈತಿ” ಎಂದರು. ತಂದೆಯಂದಿರ ಬಗ್ಗೆ ನನ್ನ ಮೂರು ದಿನಗಳ ತರಬೇತಿಯಲ್ಲಿ ಒಂದು ಸಾಲೂ ಇರಲಿಲ್ಲ.

ತಿಂಗಳ ಎರಡು ಗಂಟೆಯ ಸಭೆಗೆ ನಮ್ಮ ಆಡಳಿತ ಮಂಡಳಿ ಒಪ್ಪಿದೆ, ಆದರೆ ಅದರ ವರದಿ ಕೇಳುತ್ತಿದೆ. ಕಥೆ ಕೋಣೆಯ ಹೊರಗೆ ಹೋಗಬಾರದು ಎಂಬುದನ್ನು ಅವರಿಗೆ ಒಪ್ಪಿಸುವುದು ಹೇಗೆಂದು ಇನ್ನೂ ತಿಳಿದಿಲ್ಲ. ಸದ್ಯಕ್ಕೆ ಎಷ್ಟು ಮಂದಿ ಕೂತಿದ್ದರು, ಎಷ್ಟು ಹೊತ್ತು ಕೂತಿದ್ದರು ಎಂಬುದನ್ನು ಮಾತ್ರ ಬರೆದು ಕೊಡುತ್ತೇನೆ ಎಂದಿದ್ದೇನೆ. ಯಲಬುರ್ಗಾದ ಆ ಮನೆಗೆ ಮೊನ್ನೆ ಅದೇ ಕಾರ್ಯಕರ್ತೆಯ ಜೊತೆ ಮತ್ತೆ ಹೋಗಿದ್ದೆ, ನೀರು ಹಾಕುವ ಹೊತ್ತಿಗೆ. ಕೂಸಿಗೆ ಈಗ ಐದು ತಿಂಗಳು. ಐದು ನಿಮಿಷ ಬಾಯಿ ಮುಚ್ಚಿ ಕೂರಲು ಆಕೆ ಪಟ್ಟ ಪಾಡು ನೋಡಬೇಕಿತ್ತು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ನಾಲ್ಕನೆಯ ನಿಮಿಷಕ್ಕೆ ಅಜ್ಜಿಯೇ ತಡೆಯಲಾರದೆ, “ಯಾಕ ಅಕ್ಕಾರ, ಇವತ್ತ ಏನೂ ಹೇಳವಲ್ರಿ?” ಎಂದು ಕೇಳಿದರು.